ಆ ಕಾರು 14.4ರಲ್ಲಿ ನಿಲ್ಲೋದಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ವೇಗೋತ್ಕರ್ಷದ ಮೇಲೆ, ಅಂದರೆ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತೆ ಅನ್ನೋದರ ಮೇಲೆ, ಒಂದು ಮಾದರಿ ಲೆಕ್ಕ ಬಂದಿತ್ತು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಕಾರು ಬ್ರೇಕ್ ಹಾಕಿದ 5 ಸೆಕೆಂಡಿಗೆ ನಿಂತಿತು, ಅದರ ವೇಗೋತ್ಕರ್ಷ ಎಷ್ಟು ಅಂತ ಪ್ರಶ್ನೆ. 72ನ್ನು 5ರಿಂದ ಭಾಗಿಸಿ, ಉತ್ತರ 14.4 ಮೀ/ಸೆ² ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಪಕ್ಕದಲ್ಲೇ ಒಂದು ಚೌಕಟ್ಟು, ಅದರೊಳಗೆ ಮೂರು ಸೂತ್ರ. ಇವಿಷ್ಟು ಬಾಯಿಪಾಠ ಮಾಡಿಕೊಂಡರೆ ಅಂಕ ಗ್ಯಾರಂಟಿ ಅನ್ನೋ ಸಲಹೆ ಬೇರೆ.

ನಾನು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಆ ಚೌಕಟ್ಟನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಬಂದ ಮಕ್ಕಳಿದ್ದಾರೆ, ಅದಕ್ಕೇ ಈ ಪತ್ರ. ಅಚ್ಚಿನ ತಪ್ಪು ಯಾರಿಗಾದರೂ ಆಗುತ್ತೆ. ಅಷ್ಟೇ ಆಗಿದ್ದರೆ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಇದು ಆ ಥರದ್ದಲ್ಲ. ಸೂತ್ರ ಮೊದಲು, ಅರ್ಥ ಆಮೇಲೆ, ಅದೂ ಪುರುಸೊತ್ತಿದ್ದರೆ ಅನ್ನೋ ಅಭ್ಯಾಸದಿಂದ ಹುಟ್ಟಿದ ತಪ್ಪು ಇದು. ಆ ಕಾರಿನ ವೇಗ ಒಂದೊಂದು ಸೆಕೆಂಡಿಗೂ ಎಷ್ಟೆಷ್ಟು ಇಳಿಯಿತು ಅಂತ ಒಂದೇ ಒಂದು ಸಾಲು ಬರೆದು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆ ಸಾಲನ್ನೇ ಬರೆಯೋಣ. ಗಂಟೆಗೆ 72 ಕಿ.ಮೀ. ಅಂದರೆ 3,600 ಸೆಕೆಂಡಿಗೆ 72,000 ಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ಅದು 5 ಸೆಕೆಂಡಿನಲ್ಲಿ ಸೊನ್ನೆ ಆಗಬೇಕು, ಒಂದೇ ಸಮನಾಗಿ ಇಳಿಯುತ್ತೆ ಅಂತ ಇಟ್ಟುಕೊಳ್ಳೋಣ. ಆಗ ಶುರುವಿನಲ್ಲಿ, ಆಮೇಲೆ ಒಂದೊಂದು ಸೆಕೆಂಡಿನ ಕೊನೆಗೆ ವೇಗ ಹೀಗಿರುತ್ತೆ: 20, 16, 12, 8, 4, 0. ಪ್ರತಿ ಸೆಕೆಂಡಿಗೆ 4 ಕಮ್ಮಿ. ಅದೇ ಉತ್ತರ. ವೇಗ ಇಳಿಯುತ್ತಿರುವುದರಿಂದ, ಕಾರು ಹೋಗುತ್ತಿರುವ ದಿಕ್ಕನ್ನು ಪ್ಲಸ್ ಅಂತ ತಗೊಂಡರೆ, ಮೈನಸ್ 4 ಮೀ/ಸೆ². ನೀವು ಹಾಕಿದ ಉತ್ತರದಲ್ಲಿ ಮೈನಸ್ಸೂ ಇರಲಿಲ್ಲ.

ಇನ್ನೊಂದು ತಮಾಷೆ ಇದೆ. 14.4 ಅನ್ನೋ ಅಂಕಿಯೇ ಸುಳ್ಳು ಅಂತಲ್ಲ. 72, 57.6, 43.2, 28.8, 14.4, 0 ಅಂತ ಬರೆದು ನೋಡಿ. ಸ್ಪೀಡೋಮೀಟರ್ ಮುಳ್ಳು ಪ್ರತಿ ಸೆಕೆಂಡಿಗೆ 14.4 ಕಿ.ಮೀ.ನಷ್ಟು ಕೆಳಗೆ ಬರುತ್ತಿದೆ. ಅದು ಖಂಡಿತ ನಿಜ. ಅದಕ್ಕೆ 'ಸೆಕೆಂಡಿಗೆ, ಗಂಟೆಗೆ 14.4 ಕಿ.ಮೀ.' ಅಂತ ಹೆಸರಿಟ್ಟಿದ್ದರೆ ನಾನು ಒಪ್ಪುತ್ತಿದ್ದೆ. ಅದೇ ಅಂಕಿಯ ಮುಂದೆ ಮೀ/ಸೆ² ಅಂತ ಹಾಕಿದ ತಕ್ಷಣ ಅದು ಮೂರೂವರೆ ಪಟ್ಟಿಗಿಂತ ಜಾಸ್ತಿ ಜೋರಾದ ಬ್ರೇಕ್ ಆಗಿಬಿಡುತ್ತೆ. 14.4ನ್ನು 3.6ರಿಂದ ಭಾಗಿಸಿದರೆ ಸರಿಯಾಗಿ 4 ಬರುತ್ತೆ. ಆ 3.6 ಎಲ್ಲಿಂದ ಬಂತು ಅಂತ ಕೇಳಿದರೆ ಎಷ್ಟೋ ಮಕ್ಕಳಿಗೆ ಗೊತ್ತಿರೋದಿಲ್ಲ. 3,600 ಸೆಕೆಂಡನ್ನು 1,000 ಮೀಟರಿನಿಂದ ಭಾಗಿಸಿದ್ದು, ಅಷ್ಟೇ. ಹದಿನೆಂಟರಲ್ಲಿ ಐದರಿಂದ ಗುಣಿಸಬೇಕು ಅಂತ ಕಲಿಸುತ್ತಾರಲ್ಲ, ಅದೂ ಇದೇ.

'ಸೆಕೆಂಡ್ ಸ್ಕ್ವೇರ್' ಅಂದ ಕೂಡಲೇ ಮಕ್ಕಳು ಬೆಚ್ಚಿಬೀಳುತ್ತಾರೆ. ಮೀಟರ್ ಗೊತ್ತು, ಚದರ ಮೀಟರ್ ಗೊತ್ತು, ಆದರೆ ಸೆಕೆಂಡಿನ ವರ್ಗ ಅಂದರೆ ಯಾವ ವಸ್ತು ಸ್ವಾಮಿ? ಯಾವ ವಸ್ತುವೂ ಅಲ್ಲ. ಸೆಕೆಂಡ್ ಅನ್ನೋದು ಎರಡು ಸಲ ಬರುತ್ತೆ, ಎರಡಕ್ಕೂ ಬೇರೆ ಬೇರೆ ಕೆಲಸ. ಒಂದು ವೇಗದೊಳಗೆ ಕೂತಿದೆ, ಸೆಕೆಂಡಿಗೆ ಇಷ್ಟು ಮೀಟರ್ ಅಂತ. ಇನ್ನೊಂದು ಆ ವೇಗ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತಿದೆ ಅಂತ ಹೇಳುತ್ತೆ. ಸೆಕೆಂಡಿಗೆ 4 ಮೀಟರಿನಷ್ಟು ವೇಗ, ಪ್ರತಿ ಸೆಕೆಂಡಿಗೂ. ಹೀಗೆ ಉದ್ದಕ್ಕೆ ಬರೆಯೋಕೆ ಬೇಜಾರು ಅಂತ ಎರಡು ಸೆಕೆಂಡನ್ನು ಸೇರಿಸಿ ತಲೆಮೇಲೆ 2 ಇಟ್ಟರು. ಮೊದಲ ಒಂದು ತಿಂಗಳು ಮಕ್ಕಳು ಉದ್ದಕ್ಕೇ ಬರೆಯಲಿ ಅಂತ ನಾನು ಹೇಳ್ತೀನಿ. ಕೈ ನೋಯುತ್ತೆ ನಿಜ, ಆದರೆ 72ನ್ನು 5ರಿಂದ ಭಾಗಿಸಿ ಮೀಟರ್ ಅಂತ ಬರೆಯೋಕೆ ಹೊರಟಾಗ ಕೈ ತಾನಾಗಿ ನಿಲ್ಲುತ್ತೆ.

ಈಗ ನನಗೆ ಜಾಸ್ತಿ ಸಿಟ್ಟು ಬಂದ ವಿಷಯ. ಉತ್ತರ ಬಂದ ಮೇಲೆ, ಇದು ಆಗೋ ಮಾತಾ ಅಂತ ಯಾರೂ ಕೇಳಿಕೊಂಡಿಲ್ಲ. ವೇಗೋತ್ಕರ್ಷಕ್ಕೆ ಒಂದು ಒಳ್ಳೆ ಅಳತೆಗೋಲು ಎಲ್ಲರಿಗೂ ಗೊತ್ತಿದೆ, 9.8 ಮೀ/ಸೆ². ಕೈಬಿಟ್ಟ ಕಲ್ಲು ಬೀಳುವಾಗ, ಗಾಳಿಯ ತಡೆ ಬಿಟ್ಟು ನೋಡಿದರೆ, ಅದರ ವೇಗ ಪ್ರತಿ ಸೆಕೆಂಡಿಗೆ 9.8ರಷ್ಟು ಏರುತ್ತಾ ಹೋಗುತ್ತೆ. ಭೂಮಿಯ ಮೇಲೆ ಎಲ್ಲಿ ಹೋದರೂ ಹೆಚ್ಚುಕಮ್ಮಿ ಇಷ್ಟೇ. ಸಮಭಾಜಕದ ಹತ್ತಿರ 9.78, ಧ್ರುವದ ಹತ್ತಿರ 9.83. ಚಂದ್ರನ ಮೇಲೆ 1.62. ಯಾವ ಲೆಕ್ಕದ ಉತ್ತರ ಬಂದರೂ ಅದನ್ನು ಈ 9.8ರ ಪಕ್ಕ ಇಟ್ಟು ನೋಡಬೇಕು. ಸಾಮಾನ್ಯ ಕಾರು ನಿಂತಲ್ಲಿಂದ 10 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ಮುಟ್ಟುತ್ತೆ ಅಂದರೆ ಅದರ ವೇಗೋತ್ಕರ್ಷ 2.8ರ ಹತ್ತಿರ. ಒಣ ರಸ್ತೆ, ಒಳ್ಳೆ ಟೈರು, ಬ್ರೇಕನ್ನು ಪೂರ್ತಿ ಒತ್ತಿದ್ದೀರಿ ಅಂದರೂ ಮಾಮೂಲಿ ಕಾರಿಗೆ 8, 9 ಬರಬಹುದು, ಹೆಚ್ಚೆಂದರೆ 10. ಯಾಕೆಂದರೆ ಕಾರನ್ನು ನಿಲ್ಲಿಸೋದು ಬ್ರೇಕ್ ಒಂದೇ ಅಲ್ಲ, ಟೈರು ರಸ್ತೆಯನ್ನು ಹಿಡಿಯೋ ಹಿಡಿತ. ಆ ಹಿಡಿತ ಕಾರಿನ ತೂಕವನ್ನು ದಾಟಿ ಬಹಳ ಮುಂದೆ ಹೋಗೋದಿಲ್ಲ. ರೇಸ್ ಕಾರುಗಳು ಇದಕ್ಕಿಂತ ಎಷ್ಟೋ ಜೋರಾಗಿ ನಿಲ್ಲುತ್ತವೆ ನಿಜ. ಆದರೆ ಅವುಗಳ ರೆಕ್ಕೆಯ ಮೇಲೆ ಗಾಳಿ ಒತ್ತಿ ಕಾರನ್ನು ನೆಲಕ್ಕೆ ಅದುಮುತ್ತಿರುತ್ತೆ. ನಿಮ್ಮ ಲೆಕ್ಕದ ಕಾರಿಗೆ ರೆಕ್ಕೆ ಇದೆ ಅಂತ ಎಲ್ಲೂ ಬರೆದಿಲ್ಲ.

ಅಂದರೆ ನೀವು ಕೊಟ್ಟ 14.4 ಗುರುತ್ವದ ಆ 9.8ರ ಸುಮಾರು ಒಂದೂವರೆ ಪಟ್ಟು. ಇದನ್ನು ನೋಡಿದ ತಕ್ಷಣ ಅನುಮಾನ ಬರಬೇಕು. ಅನುಮಾನ ಬರೋದನ್ನೂ ಕಲಿಸಬೇಕು, ಬರೀ ಭಾಗಾಕಾರ ಕಲಿಸಿದರೆ ಸಾಲದು.

ಇನ್ನು ಸೂತ್ರದ ವಿಷಯ. ವಿ ಈಕ್ವಲ್ ಟು ಯು ಪ್ಲಸ್ ಎಟಿ ಅಂತ ಮಕ್ಕಳು ಮಗ್ಗಿ ಥರ ಹೇಳುತ್ತಾರೆ. ಅದರಲ್ಲಿ ಏನಿದೆ? ಶುರುವಿನ ವೇಗಕ್ಕೆ (ಯು), ಸೆಕೆಂಡಿಗೆ ಇಷ್ಟರಂತೆ (ಎ) ಎಷ್ಟು ಸೆಕೆಂಡು (ಟಿ) ಆಯಿತೋ ಅಷ್ಟನ್ನು ಸೇರಿಸಿದರೆ ಕೊನೆಯ ವೇಗ (ವಿ). ಮೇಲೆ ಬರೆದ 20, 16, 12 ಸಾಲು ಇದೆಯಲ್ಲ, ಅದನ್ನೇ ಮಡಚಿ ಇಟ್ಟದ್ದು. ಇದನ್ನು ಕಂಡುಕೊಂಡ ಹುಡುಗಿಗೆ ಬಾಯಿಪಾಠ ಬೇಕಾಗಿಲ್ಲ, ಮರೆತರೂ ಎರಡು ನಿಮಿಷದಲ್ಲಿ ತಾನೇ ಬರೆದುಕೊಳ್ಳುತ್ತಾಳೆ.

ದೂರದ ಸೂತ್ರವೂ ಹಾಗೇ, ಎಸ್ ಈಕ್ವಲ್ ಟು ಯುಟಿ ಪ್ಲಸ್ ಅರ್ಧ ಎಟಿ ಸ್ಕ್ವೇರ್. ಅದೇ ಕಾರು ನಿಲ್ಲೋಕೆ ಮೊದಲು ಎಷ್ಟು ದೂರ ಹೋಯಿತು? ಮೊದಲ ಸೆಕೆಂಡಿನಲ್ಲಿ ವೇಗ 20ರಿಂದ 16ಕ್ಕೆ ಇಳಿಯಿತು, ಸರಾಸರಿ 18, ಹಾಗಾಗಿ 18 ಮೀಟರ್ ಹೋಯಿತು. ಎರಡನೇ ಸೆಕೆಂಡಿನಲ್ಲಿ 14. ಆಮೇಲೆ 10, 6, 2. ಎಲ್ಲ ಕೂಡಿದರೆ 50 ಮೀಟರ್. ಇನ್ನೂ ಬೇಗ ಬೇಕಾದರೆ ಶುರುವಿನ 20, ಕೊನೆಯ 0, ಎರಡರ ಸರಾಸರಿ 10, ಅದನ್ನು 5 ಸೆಕೆಂಡಿನಿಂದ ಗುಣಿಸಿ, ಅದೇ 50. ಸೂತ್ರದಲ್ಲಿ ಬರೋ ಆ ಅರ್ಧ ಇದೆಯಲ್ಲ, ಎಲ್ಲರೂ ಬರೆಯೋಕೆ ಮರೆಯೋ ಅರ್ಧ, ಅದು ಈ ಸರಾಸರಿಯಿಂದ ಬಂದದ್ದು.

ಆ 18, 14, 10, 6, 2 ಅನ್ನೋ ಸಾಲನ್ನು ಇನ್ನೊಂದು ಸಲ ನೋಡಿ. ಎಲ್ಲವನ್ನೂ 2ರಿಂದ ಭಾಗಿಸಿ. 9, 7, 5, 3, 1. ಬೆಸ ಸಂಖ್ಯೆಗಳು ಸಾಲಾಗಿ ನಿಂತಿವೆ! ತಿರುಗಿಸಿ ಹೇಳಿದರೆ, ನಿಂತಲ್ಲಿಂದ ಒಂದೇ ಸಮನಾಗಿ ವೇಗ ಏರಿಸಿಕೊಳ್ಳುವ ಯಾವುದೇ ವಸ್ತು ಮೊದಲ ಸೆಕೆಂಡಿನಲ್ಲಿ ಒಂದು ಪಾಲು ಹೋದರೆ ಎರಡನೆಯದರಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು ಪಾಲು ಹೋಗುತ್ತೆ. ಬೀಳುವ ಕಲ್ಲಿಗೂ ಅದೇ ಲೆಕ್ಕ. 4.9 ಮೀಟರ್, ಆಮೇಲೆ 14.7, ಆಮೇಲೆ 24.5. ಇದನ್ನು ಗೆಲಿಲಿಯೋ ಕಂಡುಕೊಂಡಿದ್ದ, 1638ರಲ್ಲಿ ಬಂದ ಅವನ ಪುಸ್ತಕದಲ್ಲಿದೆ. ಅವನ ಹತ್ತಿರ ಸ್ಟಾಪ್‌ವಾಚ್ ಇರಲಿಲ್ಲ. ಮೇಲಿಂದ ಬೀಳುವ ವಸ್ತುವನ್ನು ಅಳೆಯೋಣ ಅಂದರೆ ಅದು ಕಣ್ಣುಮುಚ್ಚಿ ಬಿಡೋದರೊಳಗೆ ಬಿದ್ದಿರುತ್ತೆ. ಅದಕ್ಕೆ ಉದ್ದದ ಮರದ ಹಲಗೆಯಲ್ಲಿ ನುಣುಪಾದ ಕಾಲುವೆ ಕೊರೆಸಿ, ಅದನ್ನು ಸ್ವಲ್ಪವೇ ಓರೆಯಾಗಿ ಇಟ್ಟು, ಕಂಚಿನ ಗುಂಡನ್ನು ಉರುಳಿಸಿದ. ಬೀಳೋದನ್ನೇ ನಿಧಾನ ಮಾಡಿದ ಹಾಗಾಯಿತು. ಸಮಯಕ್ಕೆ, ದೊಡ್ಡ ಪಾತ್ರೆಯ ತಳದ ಸಣ್ಣ ಕೊಳವೆಯಿಂದ ನೀರು ಹರಿಯಬಿಟ್ಟು, ಗುಂಡು ಉರುಳುವಷ್ಟು ಹೊತ್ತು ಬಂದ ನೀರನ್ನು ತಕ್ಕಡಿಯಲ್ಲಿ ತೂಗಿದ. ಸಮಯವನ್ನು ತೂಕ ಹಾಕಿದ ಮನುಷ್ಯ! ಇಷ್ಟು ಒಳ್ಳೆ ಕಥೆ ಇಟ್ಟುಕೊಂಡು ನಾವು ಚೌಕಟ್ಟಿನೊಳಗೆ ಮೂರು ಸೂತ್ರ ಹಾಕಿ ಕೈತೊಳೆದುಕೊಳ್ಳುತ್ತೇವೆ.

ವೇಗ ಬೇರೆ, ವೇಗೋತ್ಕರ್ಷ ಬೇರೆ ಅನ್ನೋದು ಬಾಯಿಮಾತಿಗೆ ಎಲ್ಲರಿಗೂ ಗೊತ್ತು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಸಾಕು, ದೊಡ್ಡವರೂ ಮುಗ್ಗರಿಸುತ್ತಾರೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಅವನ ವೇಗೋತ್ಕರ್ಷ ಯಾವಾಗ ಅತಿ ಹೆಚ್ಚು ಇತ್ತು? ತುಂಬ ಜನ 'ಅವನು ಅತಿ ಜೋರಾಗಿ ಓಡುತ್ತಿದ್ದಾಗ' ಅನ್ನುತ್ತಾರೆ. ಆ ಓಟದ ಅಳತೆಗಳು ಇವೆ. ಮೊದಲ 20 ಮೀಟರಿಗೆ 2.88 ಸೆಕೆಂಡ್ ಹಿಡಿಯಿತು. ಮುಂದಿನ ಇಪ್ಪತ್ತಿಪ್ಪತ್ತು ಮೀಟರಿಗೆ 1.76, 1.67, 1.61, ಕೊನೆಯ ಇಪ್ಪತ್ತಕ್ಕೆ 1.66. ಅತಿ ಜೋರು 60ರಿಂದ 80 ಮೀಟರಿನ ನಡುವೆ, ಸರಾಸರಿ ಸೆಕೆಂಡಿಗೆ 12.4 ಮೀಟರ್. ಆದರೆ ಅಲ್ಲಿ ವೇಗ ಏರೋದು ಮುಗಿದು ಇಳಿಯೋಕೆ ಶುರುವಾಗುತ್ತೆ. ಅಂದರೆ ಅವನ ವೇಗ ತುತ್ತತುದಿಯಲ್ಲಿದ್ದ ಹೊತ್ತಿಗೆ ವೇಗೋತ್ಕರ್ಷ ಸೊನ್ನೆಯ ಹತ್ತಿರ! ಅದು ಅತಿ ಹೆಚ್ಚು ಇದ್ದದ್ದು ಬ್ಲಾಕ್ ಬಿಟ್ಟು ಹಾರಿದ ಮೊದಲ ಹೆಜ್ಜೆಗಳಲ್ಲಿ, ಆಗ ವೇಗ ಇನ್ನೂ ಕಮ್ಮಿ. ಈ ಐದು ಅಂಕಿ ಕೊಟ್ಟು ಮಕ್ಕಳಿಗೆ ಗ್ರಾಫ್ ಹಾಕಿಸಿ ನೋಡಿ, ಅರ್ಧ ಗಂಟೆಯಲ್ಲಿ ಆಗೋ ಕೆಲಸ.

ಮೈ ಗುರುತು ಹಿಡಿಯೋದೂ ವೇಗೋತ್ಕರ್ಷವನ್ನೇ, ವೇಗವನ್ನಲ್ಲ. ಗಂಟೆಗೆ 900 ಕಿ.ಮೀ. ಹೋಗುತ್ತಿರುವ ವಿಮಾನ ಅಲುಗಾಡದೆ ಹೋಗುತ್ತಿದ್ದರೆ ಲೋಟದ ನೀರು ಕದಲೋದಿಲ್ಲ. ಅದೇ ರನ್‌ವೇ ಮೇಲೆ ಓಡೋಕೆ ಶುರುಮಾಡಿದಾಗ, ಇನ್ನೂ ಗಂಟೆಗೆ 100 ಕೂಡ ಆಗಿರೋದಿಲ್ಲ, ಸೀಟು ಬೆನ್ನನ್ನು ತಳ್ಳುತ್ತೆ. ಲಿಫ್ಟಿನೊಳಗೆ ತೂಕದ ಯಂತ್ರ ಇಟ್ಟು ನಿಂತರೆ ಇನ್ನೂ ಚೆನ್ನಾಗಿ ಕಾಣುತ್ತೆ. 60 ಕೆ.ಜಿ. ಮನುಷ್ಯ ಅಂದುಕೊಳ್ಳಿ. ಲಿಫ್ಟು ಮೇಲಕ್ಕೆ 1 ಮೀ/ಸೆ² ವೇಗೋತ್ಕರ್ಷದಿಂದ ಹೊರಟರೆ ಯಂತ್ರ ಸುಮಾರು 66 ತೋರಿಸುತ್ತೆ. ಒಂದೇ ವೇಗದಲ್ಲಿ ಏರುತ್ತಿರುವಾಗ, ಎಷ್ಟೇ ಜೋರಾಗಿ ಏರುತ್ತಿರಲಿ, ಮತ್ತೆ 60. ಮೇಲೆ ನಿಲ್ಲೋಕೆ ಅದೇ ಪ್ರಮಾಣದಲ್ಲಿ ನಿಧಾನ ಆದಾಗ 54. ಈ ಮೂರು ಅಂಕಿಯಲ್ಲಿ ಅರ್ಧ ಅಧ್ಯಾಯ ಇದೆ.

ಮೈನಸ್ ಚಿಹ್ನೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನಿಮ್ಮ ಪುಟದಲ್ಲೇ 'ವೇಗೋತ್ಕರ್ಷ ಋಣ ಆದರೆ ವಸ್ತು ನಿಧಾನ ಆಗುತ್ತಿದೆ ಎಂದರ್ಥ' ಅಂತಲೂ ಇತ್ತು. ಯಾವಾಗಲೂ ಹಾಗಲ್ಲ. ಚೆಂಡನ್ನು ನೇರ ಮೇಲಕ್ಕೆ ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಎಸೆಯಿರಿ. ಮೇಲಕ್ಕೆ ಪ್ಲಸ್. ಸೆಕೆಂಡಿಗೊಂದರಂತೆ ವೇಗ ಬರೆಯಿರಿ: 19.6, 9.8, 0, ಮೈನಸ್ 9.8, ಮೈನಸ್ 19.6. ಪ್ರತಿ ಸೆಕೆಂಡಿಗೂ 9.8 ಕಮ್ಮಿ ಆಗುತ್ತಲೇ ಹೋಗಿದೆ, ಉದ್ದಕ್ಕೂ ವೇಗೋತ್ಕರ್ಷ ಮೈನಸ್ 9.8. ಮೊದಲ ಎರಡು ಸೆಕೆಂಡಿನಲ್ಲಿ ಚೆಂಡು ನಿಧಾನ ಆಯಿತು. ಆಮೇಲಿನ ಎರಡು ಸೆಕೆಂಡಿನಲ್ಲಿ ಅದೇ ಮೈನಸ್ ಇಟ್ಟುಕೊಂಡೇ ಜೋರಾಯಿತು! ವೇಗಕ್ಕೂ ವೇಗೋತ್ಕರ್ಷಕ್ಕೂ ಚಿಹ್ನೆ ಒಂದೇ ಆಗಿದ್ದರೆ ಜೋರಾಗುತ್ತೆ, ಎದುರುಬದುರು ಆಗಿದ್ದರೆ ನಿಧಾನ ಆಗುತ್ತೆ. ಮೈನಸ್ ಒಂದೇ ಇದ್ದರೆ ಅದು ದಿಕ್ಕು ಹೇಳುತ್ತೆ, ಬೇರೇನೂ ಹೇಳಲ್ಲ.

ಅದೇ ಸಾಲಿನಲ್ಲಿ ಆ ಸೊನ್ನೆ ನೋಡಿ. ತುದಿಯಲ್ಲಿ ಚೆಂಡಿನ ವೇಗ ಸೊನ್ನೆ, ಹಾಗಾದರೆ ಅಲ್ಲಿ ವೇಗೋತ್ಕರ್ಷ ಎಷ್ಟು? ಇದನ್ನು ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಸೊನ್ನೆ ಅಂತಾರೆ. ನಿಜವಾಗಿ ಸೊನ್ನೆ ಆಗಿದ್ದರೆ ಆ ಚೆಂಡು ವೇಗ ಬದಲಾಯಿಸಿಕೊಳ್ಳೋದನ್ನೇ ನಿಲ್ಲಿಸಿ ಅಲ್ಲೇ ಗಾಳಿಯಲ್ಲಿ ನೇತಾಡಿಕೊಂಡು ಇರಬೇಕಿತ್ತು ಅಲ್ವಾ? ಸೂತ್ರ ಮಾತ್ರ ಗೊತ್ತಿದ್ದವರು ಇಲ್ಲಿ ತಡವರಿಸುತ್ತಾರೆ, ಸಾಲು ಬರೆದವರು ತಡವರಿಸೋದಿಲ್ಲ.

ದಿಕ್ಕಿನ ವಿಷಯ ಬಂತಲ್ಲ, ತಿರುವನ್ನೂ ಸೇರಿಸಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಇದನ್ನು ಹಾರಿಸಿಕೊಂಡು ಹೋಗುತ್ತಾರೆ, ತಪ್ಪು ಕಲ್ಪನೆ ಶುರು ಆಗೋದೇ ಅಲ್ಲಿ. ಸೆಕೆಂಡಿಗೆ 10 ಮೀಟರ್ ಹೋಗುತ್ತಿರುವ ಗಾಡಿ, ಸ್ಪೀಡೋಮೀಟರ್ ಮುಳ್ಳು ಒಂದಿಷ್ಟೂ ಅಲುಗದ ಹಾಗೆ, 5 ಸೆಕೆಂಡಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿತು. ವೇಗೋತ್ಕರ್ಷ ಇದೆಯಾ? ಮುಳ್ಳು ನೋಡಿದರೆ ಇಲ್ಲ. ಆದರೆ ಮೊದಲು ಪ್ಲಸ್ 10, ಈಗ ಮೈನಸ್ 10. ಬದಲಾವಣೆ 20, ಅದನ್ನು 5ರಿಂದ ಭಾಗಿಸಿದರೆ ಸರಾಸರಿ 4 ಮೀ/ಸೆ². ಬ್ರೇಕ್ ಹಾಕಿದ ಆ ಕಾರಿಗೆ ಬಂದ ಅಂಕಿಯೇ ಇಲ್ಲೂ ಬಂತು. ತಿರುವಿನಲ್ಲಿ ಮೈ ಪಕ್ಕಕ್ಕೆ ವಾಲೋದು ಇದಕ್ಕೇ.

ಇದೇ ಯೋಚನೆ ಎಲ್ಲಿಗೆ ಕರೆದೊಯ್ಯುತ್ತೆ ಅಂತ ತೋರಿಸೋಕೆ ಒಂದು ಲೆಕ್ಕ, ನನಗೆ ತುಂಬ ಇಷ್ಟದ್ದು. ಚಂದ್ರ ಭೂಮಿಯಿಂದ ಸುಮಾರು 3,84,000 ಕಿ.ಮೀ. ದೂರದಲ್ಲಿ, 27.3 ದಿನಕ್ಕೆ ಒಂದು ಸುತ್ತು ಬರುತ್ತಾನೆ. ಸುತ್ತಳತೆಯನ್ನು ಸಮಯದಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 1,020 ಮೀಟರಿಗೆ ಸ್ವಲ್ಪ ಜಾಸ್ತಿ. ವೃತ್ತದಲ್ಲಿ ಒಂದೇ ವೇಗದಲ್ಲಿ ತಿರುಗುವ ವಸ್ತುವಿನ ವೇಗೋತ್ಕರ್ಷ ಅಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ್ದು. ಮಾಡಿ ನೋಡಿ, 0.0027 ಮೀ/ಸೆ² ಬರುತ್ತೆ. ಈಗ ಇನ್ನೊಂದು ಕಡೆಯಿಂದ ಬನ್ನಿ. ಚಂದ್ರ ಇರೋದು ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿ. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗುತ್ತೆ ಅಂದರೆ 9.8ನ್ನು 60ರ ವರ್ಗ 3,600ರಿಂದ ಭಾಗಿಸಬೇಕು. 0.0027! ಕೈಯಿಂದ ಬೀಳೋ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ ಅಂತ ನ್ಯೂಟನ್ ಹೇಳಿದ್ದರ ಹಿಂದೆ ಈ ತಾಳೆ ಇದೆ. ಹತ್ತನೇ ತರಗತಿಯ ಹುಡುಗ ಕ್ಯಾಲ್ಕುಲೇಟರಿನಲ್ಲಿ ಐದು ನಿಮಿಷಕ್ಕೆ ಮಾಡಬಹುದಾದ ಲೆಕ್ಕ ಇದು.

ಚೌಕಟ್ಟಿನ ಆ ಮೂರು ಸೂತ್ರಗಳ ಜೊತೆ ಬರೆಯಲೇಬೇಕಾದ ಒಂದು ಷರತ್ತನ್ನೂ ನೀವು ಬಿಟ್ಟಿದ್ದೀರಿ. ವೇಗೋತ್ಕರ್ಷ ಉದ್ದಕ್ಕೂ ಒಂದೇ ಸಮ ಇದ್ದರೆ ಮಾತ್ರ ಅವು ನಡೆಯುತ್ತವೆ. ಬದಲಾಗುತ್ತಿದ್ದರೆ ಭಾಗಾಕಾರ ಕೊಡೋದು ಸರಾಸರಿಯನ್ನು, ಅಷ್ಟೇ. ಆ ಸರಾಸರಿ ಎಷ್ಟು ಮೋಸ ಮಾಡಬಹುದು ಅನ್ನೋಕೆ ಜಾನ್ ಸ್ಟ್ಯಾಪ್ ಅನ್ನೋ ಅಮೆರಿಕದ ವಾಯುಪಡೆಯ ವೈದ್ಯನ ಪ್ರಯೋಗ ನೋಡಬೇಕು. 1954ರ ಡಿಸೆಂಬರಿನಲ್ಲಿ ಅವನು ತನ್ನನ್ನೇ ರಾಕೆಟ್ ಬಂಡಿಗೆ ಕಟ್ಟಿಸಿಕೊಂಡು ಹಳಿಯ ಮೇಲೆ ಗಂಟೆಗೆ ಸುಮಾರು 1,017 ಕಿ.ಮೀ. ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತ. ಸೆಕೆಂಡಿಗೆ 282 ಮೀಟರನ್ನು 1.4ರಿಂದ ಭಾಗಿಸಿ, ಸುಮಾರು 200 ಮೀ/ಸೆ². ಗುರುತ್ವದ 20 ಪಟ್ಟು. ಆದರೆ ಅವನ ಮೈಮೇಲೆ ಒಂದು ಕ್ಷಣಕ್ಕೆ ಬಿದ್ದದ್ದು ಗುರುತ್ವದ 46 ಪಟ್ಟು ಅಂತ ಉಪಕರಣ ತೋರಿಸಿತು. ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ, ಆದರೆ ಮನುಷ್ಯ ಬದುಕಿದ. ಬ್ರೇಕ್ ಹಿಡಿದದ್ದು ಒಂದೇ ಸಮ ಇರಲಿಲ್ಲ, ಸರಾಸರಿಗೂ ಆ ಕೆಟ್ಟ ಕ್ಷಣಕ್ಕೂ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಮೊಬೈಲಿನಲ್ಲಿ ವೇಗೋತ್ಕರ್ಷವನ್ನು ಕ್ಷಣಕ್ಷಣಕ್ಕೂ ಅಳೆಯೋ ಪುಟ್ಟ ಚಿಪ್ ಇದೆ, ಪರದೆ ತಿರುಗಿಸಿದಾಗ ಚಿತ್ರ ತಿರುಗೋದು ಅದರಿಂದಲೇ. ಮಕ್ಕಳಿಗೆ ಅದನ್ನು ತೋರಿಸೋ ಉಚಿತ ಆ್ಯಪ್‌ಗಳೂ ಇವೆ. ಆದರೆ ಮೊದಲೇ ಒಂದು ಎಚ್ಚರಿಕೆ ಕೊಡಬೇಕು. ಮೇಜಿನ ಮೇಲೆ ಸುಮ್ನೆ ಬಿದ್ದಿರುವ ಫೋನು 9.8 ತೋರಿಸುತ್ತೆ, ದಿಂಬಿನ ಮೇಲೆ ಬೀಳಬಿಟ್ಟರೆ ಬೀಳುವಷ್ಟು ಹೊತ್ತು ಸೊನ್ನೆಯ ಹತ್ತಿರ. ಎಲ್ಲ ಉಲ್ಟಾ! ಕಾರಣ ಏನು ಅಂದರೆ ಆ ಚಿಪ್ಪಿಗೆ ಗೊತ್ತಾಗೋದು ಕೆಳಗಿನಿಂದ ಮೇಜು ಕೊಡೋ ಒತ್ತು ಮಾತ್ರ, ಗುರುತ್ವದ ಎಳೆತ ಗೊತ್ತಾಗಲ್ಲ. ಲಿಫ್ಟಿನ ತೂಕದ ಯಂತ್ರದ ಕಥೆಯೇ ಇದು.

ಇಷ್ಟೆಲ್ಲ ಪರೀಕ್ಷೆಗೆ ಬರಲ್ಲ, ಮಕ್ಕಳಿಗೆ ಬೇಕಾಗಿರೋದು ಅಂಕ ಅಂತ ನಿಮ್ಮ ಪುಟ ನೋಡಿಕೊಳ್ಳುವವರು ಹೇಳಬಹುದು. ಅಂಕದ ಲೆಕ್ಕದಲ್ಲೇ ಮಾತಾಡೋಣ. ಉತ್ತರಪತ್ರಿಕೆಯಲ್ಲಿ ಅಂಕ ಹೋಗೋದು ಎಲ್ಲೆಲ್ಲಿ? ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ತರದೆ ಇರೋದು. ಮೈನಸ್ ಬಿಟ್ಟುಬಿಡೋದು. ಏಕಮಾನ ಬರೆಯದೆ ಇರೋದು. 'ನಿಶ್ಚಲ ಸ್ಥಿತಿಯಿಂದ ಹೊರಟ' ಅಂತ ಪ್ರಶ್ನೆಯಲ್ಲಿದ್ದರೂ ಶುರುವಿನ ವೇಗ ಸೊನ್ನೆ ಅಂತ ಹೊಳೆಯದೆ ಇರೋದು. ಇದರಲ್ಲಿ ಒಂದೂ ಸೂತ್ರ ಮರೆತು ಆದ ತಪ್ಪಲ್ಲ. ನಿಮ್ಮ ಮಾದರಿ ಉತ್ತರದಲ್ಲೇ ಮೊದಲ ಎರಡು ತಪ್ಪು ಇದ್ದವು.

ಪರೀಕ್ಷೆಯ ಆಚೆಗೂ ಇದು ಬೇಕು. ಡ್ರೈವಿಂಗ್ ಕಲಿಯೋ ವಯಸ್ಸು ಮಕ್ಕಳಿಗೆ ಹತ್ತಿರದಲ್ಲೇ ಇದೆ. ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 7 ಮೀಟರಿನಷ್ಟು ವೇಗ ಇಳಿಸೋ ಬ್ರೇಕು ಅಂತ ಇಟ್ಟುಕೊಳ್ಳಿ. ಗಂಟೆಗೆ 50ರಲ್ಲಿ ಹೋಗುತ್ತಿದ್ದರೆ ಬ್ರೇಕ್ ಹಾಕಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತೆ. ವೇಗ ಎರಡು ಪಟ್ಟಾದರೆ, ಅಂದರೆ ಗಂಟೆಗೆ 100 ಆದರೆ? ಎರಡು ಪಟ್ಟು ದೂರ ಅಲ್ಲ, ನಾಲ್ಕು ಪಟ್ಟು, 55 ಮೀಟರ್. ನಿಲ್ಲೋಕೆ ಎರಡರಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಸರಾಸರಿ ವೇಗವೂ ಎರಡರಷ್ಟು. ಇನ್ನು ಎದುರಿಗೆ ಏನೋ ಕಂಡು ಕಾಲು ಬ್ರೇಕಿನ ಮೇಲೆ ಹೋಗೋಕೆ ಒಂದು ಸೆಕೆಂಡ್ ಹಿಡಿಯುತ್ತೆ ಅಂದುಕೊಂಡರೆ, 50ರ ಕಾರು ಆ ಸೆಕೆಂಡಿನಲ್ಲಿ 14 ಮೀಟರ್ ಹೋಗಿ, ಇನ್ನೊಂದು 14 ಮೀಟರಿಗೆ ನಿಲ್ಲುತ್ತೆ, ಒಟ್ಟು 28ರ ಹತ್ತಿರ. 100ರ ಕಾರು ಆ ಒಂದು ಸೆಕೆಂಡಿನಲ್ಲೇ 28 ಮೀಟರ್ ದಾಟಿರುತ್ತೆ. ಅಂದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿನವನ ಕಾಲು ಈಗಷ್ಟೇ ಬ್ರೇಕ್ ಮುಟ್ಟುತ್ತಿದೆ, ಮುಳ್ಳು ಇನ್ನೂ ನೂರರಲ್ಲೇ ಇದೆ. ನಿಧಾನ ಹೋಗಿ ಅಂತ ನೂರು ಸಲ ಹೇಳೋದಕ್ಕಿಂತ ಮಕ್ಕಳ ಕೈಯಲ್ಲಿ ಇದೊಂದು ಲೆಕ್ಕ ಮಾಡಿಸೋದು ಮೇಲು ಅಂತ ನನ್ನ ಅಭಿಪ್ರಾಯ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮುಂದಿನ ವಾರದ ಪುಟದಲ್ಲಿ ತಿದ್ದುಪಡಿ ಹಾಕಿ, ಆದರೆ '14.4 ಅಲ್ಲ, ಮೈನಸ್ 4' ಅಂತ ಮೂಲೆಯಲ್ಲಿ ಒಂದು ಸಾಲು ಹಾಕಿ ಮುಗಿಸಬೇಡಿ. 20, 16, 12, 8, 4, 0 ಅನ್ನೋ ಸಾಲು, ಅದರ ಕೆಳಗೆ 18, 14, 10, 6, 2 ಅನ್ನೋ ದೂರದ ಸಾಲು, ಇವೆರಡೂ ಬರಲಿ. ಪ್ರತಿ ಮಾದರಿ ಉತ್ತರದ ಕೊನೆಗೆ ಏಕಮಾನ ಪೂರ್ತಿ ಇರಲಿ, ಯಾವ ದಿಕ್ಕನ್ನು ಪ್ಲಸ್ ಅಂತ ತಗೊಂಡಿದ್ದೀರಿ ಅಂತ ಬರೆದಿರಲಿ, 9.8ಕ್ಕೆ ಹೋಲಿಸಿದರೆ ಈ ಉತ್ತರ ಆಗೋ ಹೋಗೋ ಮಾತಾ ಅಂತ ಅರ್ಧ ಸಾಲು ಸೇರಿಸಿ. ಜಾಗ ಸಾಲೋದಿಲ್ಲ ಅಂದರೆ ಸೂತ್ರದ ಆ ಚೌಕಟ್ಟನ್ನು ತೆಗೆದುಹಾಕಿ, ಪಠ್ಯಪುಸ್ತಕದಲ್ಲಿ ಅದು ಹೇಗೂ ಇದೆ.

ಇತಿ,
ನಿಮ್ಮ ಓದುಗ, ಒಬ್ಬ ವಿಜ್ಞಾನ ಶಿಕ್ಷಕ